ಹುಳು ಹಿಡಿದ ದಾರಿ

ಬಿಳಿ ಸ್ವಲ್ಪ ಹೆಚ್ಚಾಯಿತೇ? ಇಲ್ಲ, ಕಡಿಮೆಯಾಯಿತೇ?

ಬೆಳಗಿನಿಂದ ಅವನ ತಲೆಯಲ್ಲಿ ಇದೊಂದೇ ತಿರುಗುತ್ತಿತ್ತು. ಅಲೆಯ ನೊರೆಗೆ ಹಚ್ಚಿದ ಬಿಳಿ, ಸಾಸಿವೆ ಕಾಳಿನಷ್ಟು ಜಾಗ. ಉಳಿದ ನೊರೆಯೆಲ್ಲ ಹಳೆಯ ಕಾಲದ ಸೀಸದ ಬಿಳಿ. ಈ ಒಂದು ಚುಕ್ಕೆ ಮಾತ್ರ ಈಗಿನದು, ಅಂಗಡಿಯಲ್ಲಿ ಟ್ಯೂಬಿನಲ್ಲಿ ಸಿಗುವಂಥದ್ದು. ಬರಿಗಣ್ಣಿಗೆ ಎರಡೂ ಒಂದೇ. ನೇರಳೆ ದೀಪದಡಿ ಹಿಡಿದರೆ ಮಾತ್ರ ಹಳೆಯದು ಮಂಕಾಗಿ ಬೆಳಗುತ್ತದೆ, ಹೊಸದು ಕಪ್ಪಗೆ ಕೂರುತ್ತದೆ. ಚುಕ್ಕೆ ದೊಡ್ಡದಾದರೆ ಬೇಕೆಂದೇ ಇಟ್ಟದ್ದು ಎಂದು ಗೊತ್ತಾಗುತ್ತದೆ. ತೀರ ಚಿಕ್ಕದಾದರೆ ಪರೀಕ್ಷಕಿಯ ಕಣ್ಣು ತಪ್ಪಿ, ಹದಿನಾಲ್ಕು ತಿಂಗಳ ಕೆಲಸ ಮಣ್ಣುಪಾಲು.

ನಕಲಿ ಮಾಡುವವರೆಲ್ಲ ಸಿಕ್ಕಿಬೀಳಬಾರದೆಂದು ಒದ್ದಾಡುತ್ತಾರೆ. ಅವನ ಕಷ್ಟ ಬೇರೆ. ಅವನ ನಕಲಿ ಸಿಕ್ಕಿಬೀಳಲೇಬೇಕಿತ್ತು. ಸರಿಯಾದ ದಿನ, ಸರಿಯಾದವರ ಕೈಯಲ್ಲಿ, ಇನ್ನೊಬ್ಬರ ಹೆಸರಿನಲ್ಲಿ.

ಹಸ್ತಪ್ರತಿ ಗ್ರಂಥಾಲಯದ ನೆಲಮಹಡಿಯಲ್ಲಿ ಅವನು ಹರಿದ ಹಾಳೆಗಳನ್ನು ದುರಸ್ತಿ ಮಾಡಲು ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಗೋಧಿ ಹಿಟ್ಟಿನ ಅಂಟು, ಬಿದಿರಿನ ಚಿಮಟ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ, ಉತ್ತರದ ಕಿಟಕಿಯಿಂದ ಬರುವ ಬೆಳಕು. ಕಟ್ಟಡದಲ್ಲಿ ಎಲ್ಲರೂ ಅವನನ್ನು ಅಂಟಣ್ಣ ಎನ್ನುತ್ತಿದ್ದರು. ಆ ಹೆಸರು ಇಟ್ಟವನು ಭಾವ, ಅಕ್ಕನ ಗಂಡ. ಗ್ರಂಥಾಲಯದ ಮುಖ್ಯಸ್ಥನೂ ಅವನೇ. ಕೆಲಸ ಕೊಡಿಸಿದವನೂ ಅವನೇ. ಇಪ್ಪತ್ತೆರಡು ವರ್ಷದಲ್ಲಿ ಆ ಉಪಕಾರವನ್ನು ಭಾವ ಒಮ್ಮೆಯೂ ಬಾಯಿಬಿಟ್ಟು ನೆನಪಿಸಿರಲಿಲ್ಲ. ನೆನಪಿಸುವ ಅಗತ್ಯವಿಲ್ಲ ಎಂಬಂತೆ ನಡೆದುಕೊಳ್ಳುತ್ತಿದ್ದ, ಅಷ್ಟೆ.

ಆರು ವರ್ಷದ ಹಿಂದೆ ಆ ಪುಸ್ತಕ ಬಂತು. ಆರುನೂರು ವರ್ಷ ಹಳೆಯ ಅರಬ್ಬಿ ಹಸ್ತಪ್ರತಿ, ಸೃಷ್ಟಿಯಲ್ಲಿರುವ ಅಚ್ಚರಿಗಳನ್ನೆಲ್ಲ ಒಂದೊಂದಾಗಿ ಹೇಳಿ ಚಿತ್ರ ಬರೆದದ್ದು. ಮೇಲಿನಿಂದ ಕೆಳಕ್ಕೆ ಇಳಿಯುವ ಪುಸ್ತಕ ಅದು. ಮೊದಲು ಗ್ರಹಗಳು, ನಕ್ಷತ್ರಗಳು, ದುಂಡನೆಯ ಚಂದ್ರನನ್ನು ಎರಡು ಕೈಯಲ್ಲಿ ಹಿಡಿದು ಚಕ್ಕಳಮಕ್ಕಳ ಹಾಕಿ ಕೂತ ಆಕೃತಿ. ಆಮೇಲೆ ಸಿಂಹಾಸನ ಹೊತ್ತ ದೇವದೂತರು, ಒಬ್ಬನಿಗೆ ಗೂಳಿಯ ಮುಖ, ಇನ್ನೊಬ್ಬನಿಗೆ ಹದ್ದಿನದು. ಆಮೇಲೆ ಸಮುದ್ರಗಳು, ದ್ವೀಪಗಳು, ರೆಕ್ಕೆಯ ಮೀನುಗಳು. ಕಟ್ಟಕಡೆಗೆ ಭೂಮಿಯನ್ನು ಹೊತ್ತ ಗೂಳಿ, ಆ ಗೂಳಿಯನ್ನು ಹೊತ್ತ ಮೀನು. ಆ ಮೀನಿನ ಕೆಳಗೆ ಏನಿದೆಯೆಂದು ಚಿತ್ರಕಾರ ಬರೆದಿರಲಿಲ್ಲ. ಬರಿಯ ಕಪ್ಪು.

ಆದರೆ ಬಂದಾಗ ಅದು ಪುಸ್ತಕವಾಗಿರಲಿಲ್ಲ. ಯಾವ ಕಾಲದಲ್ಲೋ ಒಬ್ಬ ಬೈಂಡರ್ ಅದರ ನೂರ ನಾಲ್ಕು ಹಾಳೆಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ಹೊಲಿದಿದ್ದ. ಚಂದ್ರನ ಪಕ್ಕದಲ್ಲಿ ಏಡಿ, ದೇವದೂತನ ಬೆನ್ನಿಗೆ ಹಾವು. ಹೊಲಿಗೆ ಬಿಚ್ಚಿ, ಶುಚಿಮಾಡಿ, ಮೂಲದ ಕ್ರಮ ಹುಡುಕುವುದು ಅವನ ಪಾಲಿಗೆ ಬಂತು.

ಹುಡುಕಲು ಎರಡು ದಾರಿ. ಹಳೆಯ ಲಿಪಿಕಾರರು ಪುಟದ ಅಡಿಯ ಮೂಲೆಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಸಣ್ಣದಾಗಿ ಬರೆದಿಡುತ್ತಿದ್ದರು. ಆ ಪದ ಹಿಡಿದು ಮುಂದಿನ ಹಾಳೆ ಹುಡುಕಬಹುದು. ಇನ್ನೊಂದು ದಾರಿ ಹುಳುವಿನದು. ಆ ಬೈಂಡರ್ ಕೈ ಹಾಕುವ ಮೊದಲೇ ಹುಳು ಪುಸ್ತಕವನ್ನು ತಿಂದು ಹೋಗಿತ್ತು. ಹುಳುವಿಗೆ ಓದು ಬರುವುದಿಲ್ಲ. ಹಾಳೆಯಿಂದ ಹಾಳೆಗೆ ಸುಮ್ಮನೆ ಕೊರೆಯುತ್ತ ಹೋಗುತ್ತದೆ. ತೂತಿಗೆ ತೂತು ಕೂಡಿದರೆ ಹಾಳೆಗೆ ಹಾಳೆ ಕೂಡುತ್ತದೆ. ಭಾವನಿಗೆ ಅರಬ್ಬಿ ನೀರು ಕುಡಿದಷ್ಟು ಸುಲಭ, ಅವನು ಪದ ನಂಬಿದ. ಇವನಿಗೆ ಅಕ್ಷರ ಕೂಡಿಸಿಕೊಂಡು ಓದುವಷ್ಟೇ ಬರುತ್ತಿತ್ತು, ಇವನು ತೂತು ನಂಬಿದ. ಭಾವ ವಾರಕ್ಕೊಮ್ಮೆ ಕೆಳಗಿಳಿದು ಬಂದು ಮೇಜಿನ ತುದಿಯಲ್ಲಿ ನಿಂತು ಪದ ಓದಿ ಹೇಳುತ್ತಿದ್ದ. ಉಳಿದ ದಿನಗಳೆಲ್ಲ ಇವನವು. ನಾಲ್ಕು ವರ್ಷ. ಜಾಗ ಗೊತ್ತಾದ ಹಾಳೆಯ ಮೇಲಿನ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ, ಇರುವೆಯ ಕಾಲಿನಷ್ಟು ಸಣ್ಣದಾಗಿ ಒಂದು ಸಂಖ್ಯೆ ಹಾಕುತ್ತಿದ್ದ. ನೂರ ನಾಲ್ಕು ಹಾಳೆಗಳಲ್ಲಿ ಅವನದು ಎನ್ನಬಹುದಾದದ್ದು ಅಷ್ಟೇ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಯಾವುದೋ ಸಣ್ಣ ತಿದ್ದುಪಡಿ ಹೇಳಬೇಕೆಂದು ಅವನು ಭಾವನ ಕೋಣೆಗೆ ಹೋದ. ಭಾವ ಫೋನಿನಲ್ಲಿದ್ದ. ಮೇಜಿನ ಮೇಲೆ ಅಚ್ಚಿಗೆ ಹೊರಟ ದೊಡ್ಡ ಪುಸ್ತಕದ ಕರಡು ಬಿದ್ದಿತ್ತು, ಹಸ್ತಪ್ರತಿಯ ಕ್ರಮವನ್ನು ಮರಳಿ ಕಂಡುಹಿಡಿದ ಕಥೆ, ಎಲ್ಲ ಚಿತ್ರಗಳ ಸಮೇತ. ಮೊದಲ ಪುಟದಲ್ಲಿ ಒಂದೇ ಹೆಸರು. ಅವನು ಪುಟ ತಿರುಗಿಸಿದ. ಕೃತಜ್ಞತೆಗಳ ಕೊನೆಯಲ್ಲಿ ಒಂದು ಸಾಲು: ‘ದುರಸ್ತಿ ವಿಭಾಗದ ಸಿಬ್ಬಂದಿಗೂ ವಂದನೆಗಳು.’ ವಿಭಾಗದಲ್ಲಿ ಇದ್ದವನು ಅವನೊಬ್ಬನೇ.

ಭಾವ ಫೋನಿಗೆ ಕೈ ಅಡ್ಡ ಹಿಡಿದು ಕೇಳಿದ, “ಏನೋ ಅಂಟು, ಏನು ಬಂದೆ?”

“ಏನಿಲ್ಲ ಭಾವ.”

ಅವನು ಕೆಳಗೆ ಬಂದು ಅಂಟು ಕಲಸಿದ. ಅದು ಗಂಟುಗಂಟಾಯಿತು. ಚೆಲ್ಲಿ ಮತ್ತೆ ಕಲಸಿದ.

ಬಿಡುಗಡೆಯ ದಿನ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಭಾಷಣದ ನಡುವೆ ಭಾವ ಹಿಂದಿನ ಸಾಲಿನತ್ತ ಕೈ ತೋರಿಸಿದ. “ಅಲ್ಲಿ ಅಡಗಿ ಕೂತಿದಾನಲ್ಲ, ನಮ್ಮ ಭಾಮೈದ. ಇವನ ಕೈಯಲ್ಲಿರೋ ಬುದ್ಧಿ ತಲೆಯಲ್ಲೂ ಇದ್ದಿದ್ರೆ ಈ ಮೈಕು ಇವನ ಮುಂದೆ ಇರ್ತಿತ್ತು ನೋಡಿ!” ಸಭೆ ನಕ್ಕಿತು. ಅವನೂ ನಕ್ಕ. ಅಕ್ಕ ಮುಂದಿನ ಸಾಲಿನಿಂದ ತಿರುಗಿ ಅವನ ಮುಖ ನೋಡಿ, ಸಮಾಧಾನವಾಗಿ ಮತ್ತೆ ಮುಂದೆ ತಿರುಗಿದಳು.

ಪುಸ್ತಕದ ಹೊದಿಕೆಯ ಮೇಲೆ ಆಮೆಯ ಚಿತ್ರ. ನಾವಿಕರು ಸಮುದ್ರದ ನಡುವೆ ಒಂದು ದ್ವೀಪ ಕಂಡು ಇಳಿಯುತ್ತಾರೆ, ಅಡುಗೆಗೆಂದು ಬೆಂಕಿ ಹಚ್ಚುತ್ತಾರೆ. ದ್ವೀಪ ಅಲುಗುತ್ತದೆ. ಅದು ದ್ವೀಪವಲ್ಲ, ಮಲಗಿದ್ದ ಆಮೆ. ಚಿತ್ರದಲ್ಲಿ ಹಸಿರು ಸಮುದ್ರ, ಆಮೆಯ ಬೆನ್ನಿನ ಮೇಲೆ ಚಿಕ್ಕ ಕೆಂಪು ಜ್ವಾಲೆ, ಓಡುವ ಮೂವರು, ಮತ್ತು ಆಗಷ್ಟೇ ತೆರೆದ ಆಮೆಯ ಒಂದು ಕಣ್ಣು. ಆ ಕಣ್ಣಿನಲ್ಲಿ ಸಿಟ್ಟಿಲ್ಲ. ಎಚ್ಚರ ಮಾತ್ರ ಇದೆ. ಸಭೆ ನಗುತ್ತಿದ್ದಾಗ ಅವನು ತೊಡೆಯ ಮೇಲಿನ ಹೊದಿಕೆಯಲ್ಲಿ ಆ ಕಣ್ಣನ್ನೇ ನೋಡುತ್ತ ಕೂತಿದ್ದ. ಯಾವ ಹಾಳೆ ಎಂಬುದು ಅಲ್ಲೇ ತೀರ್ಮಾನವಾಯಿತು.

ಉಪಾಯ ಸರಳವಾಗಿತ್ತು. ಆಮೆಯ ಹಾಳೆ ತೆಗೆದು ನಕಲಿ ಇಡುವುದು. ಅಸಲಿಯನ್ನು ಭಾವನ ಮನೆಯಲ್ಲಿ ಅಡಗಿಸುವುದು. ಹಸ್ತಪ್ರತಿ ಬೇರೆ ದೇಶದ ಪ್ರದರ್ಶನಕ್ಕೆ ಹೋಗಲಿತ್ತು. ಕಳಿಸುವ ಮೊದಲು ಅಲ್ಲಿಂದ ಪರೀಕ್ಷಕಿ ಬಂದು ಹಾಳೆ ಹಾಳೆಯನ್ನೂ ದೀಪದಡಿ ನೋಡುತ್ತಾಳೆ. ಉಳಿದದ್ದನ್ನು ಅವಳೇ ಮಾಡುತ್ತಾಳೆ.

ಅವನು ಒಬ್ಬನೇ ಇದ್ದ ಮನೆಯ ಹಿಂದಿನ ಕೋಣೆಯಲ್ಲಿ ಕೆಲಸ ಶುರುವಾಯಿತು. ಅದೇ ಕಾಲದ, ಯಾರೂ ಕೇಳದ ಇನ್ನೊಂದು ಪುಸ್ತಕದ ಕೊನೆಯ ಖಾಲಿ ಹಾಳೆ ಸಿಕ್ಕಿತು. ಅದಕ್ಕೆ ಗಂಜಿ ಹಚ್ಚಿ, ನುಣುಪು ಕಲ್ಲಿನಿಂದ ಉಜ್ಜಿದ. ತಾಮ್ರದ ಚೂರುಗಳನ್ನು ಹುಳಿಯಲ್ಲಿ ನೆನೆಸಿ ಸಮುದ್ರದ ಹಸಿರು ತೆಗೆದ. ಅಕ್ಷರಗಳನ್ನು ಅರ್ಥಕ್ಕಾಗಿ ಓದದೆ ಗೆರೆಗಾಗಿ ಓದಿದ. ಲಿಪಿಕಾರನ ಲೇಖನಿ ಎಲ್ಲಿ ಒಣಗಿತ್ತೋ ಅಲ್ಲಿ ತನ್ನದನ್ನೂ ಒಣಗಿಸಿದ. ಹುಳುವಿನ ತೂತುಗಳನ್ನು ಕಾಯಿಸಿದ ಸೂಜಿಯಿಂದ, ಅಂಚು ಹರಿಯದಂತೆ, ಅಸಲಿಯಲ್ಲಿದ್ದ ಜಾಗದಲ್ಲೇ ಕೊರೆದ. ಮೂರು ಸಲ ಹಾಳಾಯಿತು. ನಾಲ್ಕನೆಯದು ಮುಗಿದ ದಿನ ಆಮೆ ಅವನತ್ತ ಕಣ್ಣು ತೆರೆಯಿತು. ಅವನಿಗೆ ಅದನ್ನು ಯಾರಿಗಾದರೂ ತೋರಿಸಬೇಕೆನಿಸಿತು. ಹಾಗೆ ಅನಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಚಿತ್ರ, ಬರಹ, ಹುಳು. ಸತ್ತ ಮೂವರ ಕೈಯನ್ನು ಕಲಿತಿದ್ದ. ಆಮೇಲೆ ಬಿಳಿಯ ಚುಕ್ಕೆ ಇಟ್ಟ.

ದಿನ ಆರಿಸಿಕೊಟ್ಟವನು ಸ್ವತಃ ಭಾವ. ಎರಡನೆಯ ಮುದ್ರಣಕ್ಕೆ ಮುನ್ನುಡಿ ಬರೆಯಲೆಂದು ಹಸ್ತಪ್ರತಿಯ ಪೆಟ್ಟಿಗೆಯನ್ನು ಭದ್ರಕೋಣೆಯಿಂದ ತನ್ನ ಕೋಣೆಗೆ ಒಯ್ದು ಹನ್ನೊಂದು ದಿನ ಇಟ್ಟುಕೊಂಡ. ದಾಖಲೆಯಲ್ಲಿ ಸಹಿ ಅವನೊಬ್ಬನದೇ. ಆ ಹನ್ನೊಂದು ದಿನವೂ ಇವನು ರಜೆ ಹಾಕಿ ಬೇರೆ ಊರಿಗೆ ಹೋಗಿದ್ದ, ಬಸ್ಸಿನ ಟಿಕೇಟು, ವಸತಿಗೃಹದ ರಸೀದಿ ಎಲ್ಲ ಜೋಪಾನವಾಗಿಟ್ಟಿದ್ದ. ಹನ್ನೆರಡನೆಯ ಬೆಳಿಗ್ಗೆ ಪೆಟ್ಟಿಗೆ ನೇರ ಇವನ ಮೇಜಿಗೆ ಬಂತು. ಪ್ರದರ್ಶನಕ್ಕೆ ಕಳಿಸುವ ಮೊದಲಿನ ದಾಖಲೆಗೆಂದು ಇನ್ನು ಅರ್ಧ ಗಂಟೆಯಲ್ಲಿ ಫೋಟೋ ತೆಗೆಯುವವಳು ಎಲ್ಲ ಹಾಳೆಗಳ ಚಿತ್ರ ತೆಗೆಯಲು ಶುರುಮಾಡಬೇಕು. ಆ ಚಿತ್ರಗಳು ಹೇಳುವುದಿಷ್ಟೇ: ಭಾವನ ಕೋಣೆಯಿಂದ ಬಂದಾಗಲೇ ನಕಲಿ ಇತ್ತು.

ಹಾಳೆಗಳನ್ನು ಇನ್ನೂ ಹೊಲಿದಿರಲಿಲ್ಲ. ಒಂದೊಂದೂ ತನ್ನ ಕಾಗದದ ಮಡಿಕೆಯಲ್ಲಿ ಬಿಡಿಯಾಗಿ ಮಲಗಿತ್ತು. ಪಕ್ಕದ ಕೋಣೆಯಲ್ಲಿ ಅವಳು ದೀಪ ಎಳೆದಾಡುವ ಸದ್ದು ಕೇಳುತ್ತಿತ್ತು. ಅವನು ಆಮೆಯ ಮಡಿಕೆ ಬಿಚ್ಚಿ, ಅಸಲಿಯನ್ನು ತೆಳುಕಾಗದದಲ್ಲಿ ಸುತ್ತಿ ಎರಡು ರಟ್ಟುಗಳ ನಡುವೆ ಚೀಲದಲ್ಲಿಟ್ಟ. ನಕಲಿಯನ್ನು ಮಡಿಕೆಯಲ್ಲಿ ಮಲಗಿಸಿದ. ಮುಚ್ಚುವ ಮೊದಲು ಕೊನೆಯದಾಗಿ ಒಮ್ಮೆ ನೋಡಿದ.

ಮೇಲಿನ ಮೂಲೆ ಖಾಲಿ. ಪೆನ್ಸಿಲ್‌ನ ಸಂಖ್ಯೆಯೇ ಇಲ್ಲ.

“ಅಂಟಣ್ಣಾ, ಪೆಟ್ಟಿಗೆ ತರ್ತೀರೋ, ನಾನೇ ಬರ್ಲೋ?”

“ತಂದೆ, ತಂದೆ. ಕೈ ತೊಳ್ಕೊಳ್ತಿದೀನಿ.”

ಆರುನೂರು ವರ್ಷದ ಹಿಂದಿನದನ್ನೆಲ್ಲ ಮಾಡಿ, ತನ್ನದನ್ನೇ ಮರೆತಿದ್ದ! ಅವನು ಪೆನ್ಸಿಲ್ ತೆಗೆದುಕೊಂಡ. ಇದೊಂದಕ್ಕೆ ಅಭ್ಯಾಸ ಬೇಕಿರಲಿಲ್ಲ, ನೋಡಿ ಬರೆಯಬೇಕಿರಲಿಲ್ಲ. ಕೈ ತಾನಾಗಿ ಬರೆಯಿತು. ಬೆರಳ ತುದಿಯಿಂದ ಒಮ್ಮೆ ಸವರಿ ಮಾಸಲು ಮಾಡಿ ಮಡಿಕೆ ಮುಚ್ಚಿದ. ಅವಳು ಯಾವತ್ತಿನಂತೆ ಮಡಿಕೆಯ ಹೊರಗಿನ ಅಚ್ಚಿನ ಚೀಟಿ ನೋಡಿ ಕಡತಕ್ಕೆ ಸಂಖ್ಯೆ ಕೊಟ್ಟಳು. “ಈ ಆಮೆ ನೋಡಿದಾಗೆಲ್ಲ ನಮ್ಮ ಅತ್ತೆ ನೆನಪಾಗ್ತಾರೆ. ಮಲಗಿದಾರೆ ಅಂದ್ಕೊಂಡ್ರೆ ಒಂದು ಕಣ್ಣು ತೆಗೆದೇ ಇರುತ್ತೆ,” ಎಂದು ನಗುತ್ತ ಗುಂಡಿ ಒತ್ತಿದಳು. ಅವನೂ ಮನಸಾರೆ ನಕ್ಕ. ಕೂದಲೆಳೆಯಲ್ಲಿ ಪಾರಾದವನ ನಗು.

ಆ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋದ. ಭಾವನ ಓದುವ ಕೋಣೆಯ ಗೋಡೆಯ ಮೇಲೆ ಆಮೆಯ ಚಿತ್ರದ ದೊಡ್ಡ ಅಚ್ಚುಪ್ರತಿ ಇತ್ತು, ಗಾಜು ಹಾಕಿ ಕಟ್ಟಿದ್ದು. ಅಕ್ಕನ ಮಾತಿಗೆ ಅವನೇ ಕಟ್ಟಿಕೊಟ್ಟದ್ದು. ಒಳಗೆ ತೇವ ಬಂದಿದೆ, ಬಿಚ್ಚಿ ಒರೆಸಿಕೊಡುತ್ತೇನೆ ಎಂದ. ಭಾವ ಹಾಲ್‌ನಲ್ಲಿ ಪೇಪರು ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದ.

ಅಕ್ಕ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸುತ್ತ ನೋಡಿದಳು. “ಭಾನುವಾರನೂ ಬಿಡಲ್ವಲ್ಲೋ ನೀನು ಈ ಕೆಲಸಾನ.”

“ಆಯ್ತು ಅಕ್ಕಾ, ಐದು ನಿಮಿಷ.”

“ಒಂದು ಮಾತು ಕೇಳ್ಲಾ? ಆ ಪುಸ್ತಕದ ವಿಷಯಕ್ಕೆ ನಿನಗೆ ಬೇಜಾರಿದೆಯೇನೋ? ಇದ್ರೆ ಹೇಳಿಬಿಡು. ಇವರಿಗೆ ಹೇಳ್ದೆ ತಿಳಿಯಲ್ಲ ಕಣೋ. ಎಲೆ ಮುಂದೆ ಕೂತ್ರೂ ನಾನೇ ಹೇಳ್ಬೇಕು, ಉಪ್ಪು ಪಕ್ಕದಲ್ಲೇ ಇದೆ ಅಂತ.”

“ಬೇಜಾರು ಯಾಕೆ? ಮನೆಯವರೇ ಅಲ್ವಾ.”

“ಅದೇ ನಾನೂ ಅಂದ್ಕೊಂಡೆ,” ಎಂದು ಅಕ್ಕ ಒಳಗೆ ಹೋದಳು.

ಅವನು ತೆಳುಕಾಗದ ಬಿಚ್ಚದೆಯೇ ಅಸಲಿಯನ್ನು ಅಚ್ಚುಪ್ರತಿಯ ಬೆನ್ನಿಗೆ ಇಟ್ಟು, ಹಿಂಬದಿಯ ಹಲಗೆ ಮುಚ್ಚಿ ಮೊಳೆ ಒತ್ತಿದ. ಬಿಚ್ಚಿ ನೋಡುವ ಧೈರ್ಯ ಬರಲಿಲ್ಲ. ಅಕ್ಕನ ಬಗ್ಗೆ ಅವನು ಮೊದಲೇ ಯೋಚಿಸಿದ್ದ. ಅವಳಿಗೆ ಕಷ್ಟವಾಗುತ್ತದೆ, ನಿಜ. ತನ್ನ ಮನೆಗೆ ಕರೆದುಕೊಂಡು ಹೋದರಾಯಿತು. ಹಿಂದಿನ ಕೋಣೆ ಈಗ ಖಾಲಿ.

ಬಿಳಿ ಹೆಚ್ಚೂ ಆಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಪರೀಕ್ಷಕಿ ಅರವತ್ತು ದಾಟಿದ, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಹಾಕಿಕೊಂಡ ಹೆಂಗಸು. ಪರದೆ ಎಳೆದ ಕೋಣೆಯಲ್ಲಿ ನೇರಳೆ ದೀಪ ಹಿಡಿದು ಗಂಟೆಗಟ್ಟಲೆ ನೋಡಿದಳು. ಆಮೆಯ ಹಾಳೆ ಬಂದಾಗ ಅವಳ ಕೈ ಮುಂದೆ ಹೋಗಿ, ಹಿಂದೆ ಬಂತು.

“ಈ ನೊರೆ ನನಗೆ ಹಿಡಿಸ್ಲಿಲ್ಲ,” ಎಂದಳು.

ಭಾವ ಬಗ್ಗಿದ. “ಏನಾಗಿದೆ?”

“ಇಲ್ಲಿ. ಈ ಬಿಳಿಗೆ ನೂರು ವರ್ಷ ಕೂಡ ಆಗಿಲ್ಲ ಸರ್.”

ನೇರಳೆ ಬೆಳಕಿನಲ್ಲಿ ಭಾವನ ಮುಖ ನೋಡಲೆಂದೇ ಅವನು ಹದಿನಾಲ್ಕು ತಿಂಗಳು ಕಾದಿದ್ದ. ಕಣ್ತುಂಬ ನೋಡಿದ. ಭಾವ ದೀಪವನ್ನು ತಾನೇ ತೆಗೆದುಕೊಂಡು ಆ ಬಿಳಿಯ ಮೇಲೆ ಹಿಡಿದ. ಆಮೇಲೆ ಪುಟದ ಅಡಿಯ ಪದವನ್ನು ಓದಿದ, ಮತ್ತೆ ಓದಿದ. ದ್ವೀಪ ಅಲುಗಿತ್ತು.

ಮುಂದಿನದೆಲ್ಲ ಅವನು ಬರೆದಿಟ್ಟಂತೆಯೇ ನಡೆಯಿತು. ಪೊಲೀಸ್ ಅಧಿಕಾರಿ ದಾಖಲೆ ನೋಡಿದ, ಹನ್ನೊಂದು ದಿನ ಎಣಿಸಿದ, ಫೋಟೋಗಳನ್ನು ಹೋಲಿಸಿದ. ಮೂರನೆಯ ದಿನ ಭಾವನ ಮನೆ ಶೋಧಿಸಿದರು, ಚೌಕಟ್ಟಿನ ಹಿಂದೆ ಅಸಲಿ ಸಿಕ್ಕಿತು. ಅಕ್ಕ ಫೋನ್ ಮಾಡಿ ಅತ್ತಳು. “ಅವರು ಅಂಥವರಲ್ಲ ಕಣೋ. ನೀನಾದ್ರೂ ಹೇಳೋ ಪೊಲೀಸರಿಗೆ.” “ಹೇಳ್ತೀನಿ ಅಕ್ಕಾ,” ಎಂದ. ಆ ದಿನ ಅಂಟು ಒಂದೇ ಸಲಕ್ಕೆ ಹದವಾಗಿ ಬಂತು.

ಐದನೆಯ ಬೆಳಿಗ್ಗೆ ಮೇಲೆ ಕರೆ ಬಂತು. ಭಾವನ ಕೋಣೆ. ಗಡ್ಡ ಬೆಳೆದ ಭಾವ ಗೋಡೆ ಪಕ್ಕದ ಮರದ ಕುರ್ಚಿಯಲ್ಲಿ, ಬಾಗಿಲ ಬಳಿ ಅಧಿಕಾರಿ, ಮೇಜಿನ ಹಿಂದೆ ಭಾವನ ಕುರ್ಚಿಯಲ್ಲಿ ಪರೀಕ್ಷಕಿ. ಅವಳ ಮುಂದೆ ಎರಡು ಆಮೆಗಳು ಅಕ್ಕಪಕ್ಕ ಮಲಗಿದ್ದವು. ಎರಡನ್ನೂ ಒಟ್ಟಿಗೆ ಅವನು ಅಷ್ಟು ದೂರದಿಂದ ನೋಡಿದ್ದು ಅದೇ ಮೊದಲು. ತನ್ನದೇ ಚೆನ್ನಾಗಿದೆ ಎನಿಸಿತು.

“ಬನ್ನಿ, ಕೂತ್ಕೊಳ್ಳಿ. ಒಂದೇ ಪ್ರಶ್ನೆ,” ಎಂದಳು ಪರೀಕ್ಷಕಿ. “ಹಾಳೆ ಮೂಲೆಯಲ್ಲಿ ಪೆನ್ಸಿಲ್ ನಂಬರಿದೆಯಲ್ಲ, ಅದನ್ನ ಹಾಕಿದ್ದು ಯಾರು?”

“ನಾನೇ.”

“ಎಲ್ಲಾ ಹಾಳೆಗೂ?”

“ನೂರ ನಾಲ್ಕಕ್ಕೂ. ಪದ ಯಾರಾದ್ರೂ ಓದಬಹುದು ಮೇಡಂ, ಹಾಳೆಗೆ ಪೆನ್ಸಿಲ್ ಮುಟ್ಟಿಸೋಕೆ ನಾನು ಯಾರನ್ನೂ ಬಿಡಲ್ಲ.” ಹೇಳುವಾಗ ಅವನು ಭಾವನತ್ತ ನೋಡಿದ. ಇದನ್ನು ಒಬ್ಬರಾದರೂ ಕೇಳಿದರಲ್ಲ ಎನಿಸಿತು.

ಪರೀಕ್ಷಕಿ ಕನ್ನಡಕ ಏರಿಸಿಕೊಂಡು ಎರಡೂ ಹಾಳೆಗಳ ಮೂಲೆಯನ್ನು ಅವನತ್ತ ತಿರುಗಿಸಿದಳು. ಎರಡೂ ಅವನದೇ ಕೈ. ಅಸಲಿಯ ಮೇಲೆ ಅರವತ್ತೊಂದು, ನಕಲಿಯ ಮೇಲೆ ಅರವತ್ತಮೂರು. “ಮಾಡಿದವರು ಆತುರದಲ್ಲಿ ತಪ್ಪಾಗಿ ಬರೆದಿದಾರೆ ಅಂದ್ಕೊಂಡೆ,” ಎಂದಳು. “ಆಮೇಲೆ ಸುಮ್ಮನಿರಲಾರದೆ ಹಾಳೆಗಳನ್ನ ಬೆಳಕಿಗೆ ಹಿಡಿದು ಹುಳದ ತೂತು ಕೂಡಿಸಿ ನೋಡ್ದೆ. ಎರಡು ಪುಟದ ಅಡಿಯಲ್ಲಿ ಒಂದೇ ಪದ ಇದೆ, ಅದಕ್ಕೇ ಇವರು ಮೋಸಹೋಗಿದಾರೆ. ಆಮೆಯ ಜಾಗ ಅರವತ್ತಮೂರೇ. ಇವರ ಪುಸ್ತಕದಲ್ಲಿ ಅರವತ್ತೊಂದು, ಮಡಿಕೆ ಮೇಲೆ ಅರವತ್ತೊಂದು, ಈ ಕಟ್ಟಡದಲ್ಲಿ ಯಾರನ್ನ ಕೇಳಿದ್ರೂ ಅರವತ್ತೊಂದು. ಈ ನಕಲಿ ಮಾಡಿದವರಿಗೆ ಹಸ್ತಪ್ರತಿ, ಆ ಪುಸ್ತಕ ಬರೆದವರಿಗಿಂತ ಚೆನ್ನಾಗಿ ಗೊತ್ತು.” ಇಪ್ಪತ್ತೆರಡು ವರ್ಷದಿಂದ ಅವನು ಕಾಯುತ್ತಿದ್ದ ಮಾತು ಅದು. ಬಾಗಿಲ ಬಳಿಯ ಅಧಿಕಾರಿ ಒಂದು ಹೆಜ್ಜೆ ಮುಂದೆ ಬಂದ. ಭಾವ ಕುರ್ಚಿಯಿಂದ ತಲೆ ಎತ್ತಿ, ಸಿಟ್ಟಿಲ್ಲದೆ, ಅರ್ಥವಾಗದವನಂತೆ ಕೇಳಿದ, “ನಿನಗೆ ಗೊತ್ತಿತ್ತಾ?” ಗೊತ್ತಿತ್ತು. ಭಾವ ಓದಿದ ಪದ ನಂಬಿ ಅಸಲಿಯ ಮೇಲೆ ಅರವತ್ತೊಂದು ಬರೆದವನಿಗೆ ತೂತು ಆಮೇಲೆ ನಿಜ ಹೇಳಿತ್ತು. ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ, ಪುಸ್ತಕ ಅಚ್ಚಿಗೆ ಹೋಗುವ ಮೊದಲು, ಅದನ್ನು ಹೇಳಲೆಂದೇ ಅವನು ಈ ಕೋಣೆಗೆ ಬಂದಿದ್ದ. ಹೇಳಿರಲಿಲ್ಲ.